ಹಳೆಯ ನ್ಯಾಸ್‌ಗೆ ಎಸ್‌ಎಸ್‌ಡಿ ಹಾಕಿದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ 2013ರಲ್ಲಿ ಕೊಂಡ ನ್ಯಾಸ್ (ಮನೆಯ ನೆಟ್‌ವರ್ಕ್‌ನಲ್ಲಿ ಎಲ್ಲರೂ ಫೈಲ್ ಇಡುವ ಸಾಧನ) ಒಂದಿದೆ. ಎರಡು ಡಿಸ್ಕ್ ಹಿಡಿಯುವ ಪೆಟ್ಟಿಗೆ, 512 ಎಂಬಿ ರ‍್ಯಾಮ್, ಒಂದು ಗಿಗಾಬಿಟ್ ಪೋರ್ಟ್. ಒಳಗೆ 2 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗಳು ಮಿರರ್‌ನಲ್ಲಿವೆ, ಅಂದರೆ ಎರಡರಲ್ಲೂ ಒಂದೇ ಡೇಟಾ. ಸುಮಾರು 900 ಜಿಬಿ ತುಂಬಿದೆ. ಹೆಚ್ಚಿನದು ಫೋಟೊ, ಮನೆಯ ವಿಡಿಯೊ, ಕೆಲಸದ ಕಾಗದಪತ್ರ. ಫೋಟೊ ಫೋಲ್ಡರ್ ತೆರೆದರೆ ಚಿತ್ರಗಳು ಒಂದೊಂದಾಗಿ ಬರುತ್ತವೆ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಮತ್ತೆ ಎಚ್ಚರವಾಗಲು ಹತ್ತು ಸೆಕೆಂಡ್ ಬೇಕು. ರಾತ್ರಿ ಕಟಕಟ ಸದ್ದು ಬೇರೆ. ಎರಡೂ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿದರೆ ಇದೆಲ್ಲ ಸರಿಹೋಗುತ್ತದಾ? ಯಾವ ಥರದ್ದು ತಗೊಳ್ಳಬೇಕು? ಡೇಟಾ ಕಳೆದುಕೊಳ್ಳದೆ ಬದಲಾಯಿಸುವುದು ಹೇಗೆ?

ಉತ್ತರ: ನೀವು ಹೇಳಿದ ಮೂರೂ ತೊಂದರೆಗಳು ಎಸ್‌ಎಸ್‌ಡಿಯಿಂದ ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಆದರೆ ದೊಡ್ಡ ವಿಡಿಯೊ ಫೈಲ್ ಕಾಪಿ ಮಾಡುವ ವೇಗ ಈಗ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಳೆಯ ನ್ಯಾಸ್‌ನಲ್ಲಿ ಎಸ್‌ಎಸ್‌ಡಿ ಕಾಯುವ ಹೊತ್ತನ್ನು ತೆಗೆಯುತ್ತದೆ, ಸಾಗಿಸುವ ವೇಗವನ್ನು ಹೆಚ್ಚಿಸುವುದು ಕಡಿಮೆ. ಈ ವ್ಯತ್ಯಾಸ ಕೊಳ್ಳುವ ಮೊದಲೇ ಸ್ಪಷ್ಟವಾಗಿದ್ದರೆ ಆಮೇಲೆ ಬೇಸರವಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಗಿಗಾಬಿಟ್ ನೆಟ್‌ವರ್ಕ್ ಎಂದರೆ ಸೆಕೆಂಡ್‌ಗೆ 1000 ಮೆಗಾಬಿಟ್, ಅಂದರೆ 125 ಎಂಬಿ. ಅದರಲ್ಲಿ ಪ್ರೋಟೊಕಾಲ್‌ನ ಖರ್ಚು ಕಳೆದರೆ ಕೈಗೆ ಸಿಗುವುದು 110 ಎಂಬಿ ಆಸುಪಾಸು. ನಿಮ್ಮ ಹಳೆಯ ಹಾರ್ಡ್ ಡಿಸ್ಕ್ ಕೂಡ ದೊಡ್ಡ ಫೈಲನ್ನು ಸಾಲಾಗಿ ಓದುವಾಗ, ತಟ್ಟೆಯ ಹೊರಭಾಗದಲ್ಲಿ, ಇಷ್ಟನ್ನು ಕೊಡಬಲ್ಲದು. ಎಸ್‌ಎಸ್‌ಡಿ ಸೆಕೆಂಡ್‌ಗೆ 500 ಎಂಬಿ ಓದುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ, ನಿಜ. ಆದರೆ ಅದು ಹೊರಗೆ ಬರಬೇಕಾದದ್ದು ಅದೇ ಒಂದು ಕೇಬಲ್ ಮೂಲಕ ಅಲ್ವಾ? ಅದೂ ಅಲ್ಲದೆ ಆ ಕಾಲದ ಎಷ್ಟೋ ನ್ಯಾಸ್‌ಗಳ ಒಳಗಿನ ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಕನೆಕ್ಟರ್) 3 ಗಿಗಾಬಿಟ್‌ನದು. ಅಲ್ಲಿ ಯಾವ ಎಸ್‌ಎಸ್‌ಡಿ ಹಾಕಿದರೂ ಸೆಕೆಂಡ್‌ಗೆ 280 ಎಂಬಿ ಹತ್ತಿರ ನಿಂತುಬಿಡುತ್ತದೆ. ಹಾಗಾಗಿ ಮಾರುಕಟ್ಟೆಯ ಅತಿ ವೇಗದ ಎಸ್‌ಎಸ್‌ಡಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಈಗ ಫೋಟೊ ಫೋಲ್ಡರ್ ವಿಷಯ. ಹಾರ್ಡ್ ಡಿಸ್ಕ್‌ನಲ್ಲಿ ಒಂದು ಚಿಕ್ಕ ಫೈಲ್ ಓದಬೇಕಾದರೆ ಹೆಡ್ ಸರಿಯಾದ ಟ್ರ್ಯಾಕ್‌ಗೆ ಹೋಗಬೇಕು, ಆಮೇಲೆ ಆ ಜಾಗ ತಿರುಗಿ ಹೆಡ್‌ನ ಕೆಳಗೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಅರ್ಧ ಸುತ್ತಿಗೆ 5.5 ಮಿಲಿಸೆಕೆಂಡ್. ಹೆಡ್ ಓಡಾಟಕ್ಕೆ ಇನ್ನೊಂದು ಹತ್ತು. ಒಟ್ಟು 15 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಫೋಲ್ಡರ್‌ನಲ್ಲಿ 3000 ಫೋಟೊ ಇದ್ದು, ಪ್ರತಿಯೊಂದರ ಥಂಬ್‌ನೇಲ್‌ಗೆ ಒಂದೇ ಒಂದು ಓಡಾಟ ಸಾಕಾದರೂ 45 ಸೆಕೆಂಡ್ ಆಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಹೆಡ್ಡೂ ಇಲ್ಲ. ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್. ಅದೇ 3000 ಫೋಟೊಗೆ ಡಿಸ್ಕ್‌ನ ಪಾಲು ಒಂದು ಸೆಕೆಂಡೂ ಆಗುವುದಿಲ್ಲ. ಉಳಿದದ್ದು ನೆಟ್‌ವರ್ಕ್ ಮತ್ತು ಪ್ರೊಸೆಸರ್‌ನ ಪಾಲು, ಅದು ಹಾಗೇ ಇರುತ್ತದೆ. ನಿಮ್ಮ ಕಣ್ಣಿಗೆ ಕಾಣುವ ಬದಲಾವಣೆ ಬರುವುದು ಇಲ್ಲಿಂದಲೇ. ಹುಡುಕಾಟ, ಫೋಟೊ ಇಂಡೆಕ್ಸ್, ಸಾವಿರಾರು ಚಿಕ್ಕ ಫೈಲ್‌ಗಳ ಬ್ಯಾಕಪ್, ಮನೆಯ ನಾಲ್ಕು ಜನ ಒಂದೇ ಹೊತ್ತಿಗೆ ಬಳಸುವುದು, ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ.

ಎಚ್ಚರವಾಗಲು ತಗಲುವ ಹತ್ತು ಸೆಕೆಂಡ್ ಎಂದರೆ ಮೋಟಾರ್ ಪೂರ್ತಿ ವೇಗಕ್ಕೆ ಬರುವ ಹೊತ್ತು. ಎಸ್‌ಎಸ್‌ಡಿಯಲ್ಲಿ ಮೋಟಾರೇ ಇಲ್ಲ. ಆ ತೊಂದರೆ ಪೂರ್ತಿ ಹೋಗುತ್ತದೆ.

ಸದ್ದಿನ ವಿಷಯದಲ್ಲಿ ಮಾತ್ರ ಒಂದು ಪರೀಕ್ಷೆ ಮಾಡಿ. ಕಟಕಟ ಸದ್ದು ಡಿಸ್ಕ್‌ನದು, ಅದು ಹೋಗುತ್ತದೆ. ಆದರೆ ಒಂದೇ ಸಮನೆ ಬರುವ ಗುಂಯ್ ಎನ್ನುವ ಸದ್ದು ಹಿಂಬದಿಯ ಫ್ಯಾನ್‌ನದಾಗಿರಬಹುದು. ಡಿಸ್ಕ್‌ಗಳು ಮಲಗಿದಾಗಲೂ ಆ ಸದ್ದು ಇದ್ದರೆ ಅದು ಫ್ಯಾನೇ. ಧೂಳು ತೆಗೆದು ನೋಡಿ. ಬೇರಿಂಗ್ ಸವೆದಿದ್ದರೆ ಅದೇ ಅಳತೆಯ, ಅದೇ ಕನೆಕ್ಟರಿನ ಫ್ಯಾನ್ ಹಾಕಿದರೆ ಸಾಕು. ಇದು ಎಸ್‌ಎಸ್‌ಡಿಗಿಂತ ಎಷ್ಟೋ ಅಗ್ಗದ ಪರಿಹಾರ.

ಕೊಳ್ಳುವ ಮೊದಲು ಎರಡು ವಿಷಯ ನೋಡಿ

ಮೊದಲನೆಯದು, ನಿಜವಾದ ಅಡಚಣೆ ಎಲ್ಲಿದೆ ಎಂದು ಅಳೆಯಿರಿ. ಕಂಪ್ಯೂಟರನ್ನು ವೈಫೈ ಬಿಟ್ಟು ಕೇಬಲ್‌ಗೆ ಹಾಕಿ. ನಾಲ್ಕೈದು ಜಿಬಿಯ ಒಂದು ವಿಡಿಯೊ ಫೈಲನ್ನು ನ್ಯಾಸ್‌ನಿಂದ ಕಾಪಿ ಮಾಡಿ. ಸೆಕೆಂಡ್‌ಗೆ 11 ಎಂಬಿ ಹತ್ತಿರವೇ ನಿಂತರೆ ನಿಮ್ಮ ಸಂಪರ್ಕ ಗಿಗಾಬಿಟ್ ಅಲ್ಲ, 100 ಮೆಗಾಬಿಟ್‌ಗೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೊತೆ ತಂತಿಗಳು ಸರಿಯಿರಬೇಕು. ಒಂದು ತಂತಿ ತುಂಡಾದರೂ ಎಷ್ಟೋ ಸಲ ಎರಡೂ ಕಡೆಯ ಸಾಧನಗಳು ಸದ್ದಿಲ್ಲದೆ 100ಕ್ಕೆ ಒಪ್ಪಿಕೊಂಡುಬಿಡುತ್ತವೆ. ಒಂದು ಹೊಸ ಕೇಬಲ್ ಹಾಕಿದರೆ ವೇಗ ಹತ್ತು ಪಟ್ಟು ಹೆಚ್ಚುವ ಸಂದರ್ಭ ಇದು. ಹಳೆಯ ರೂಟರ್ ಅಥವಾ ಸ್ವಿಚ್ಚಿನ ಪೋರ್ಟೇ 100 ಮೆಗಾಬಿಟ್‌ನದಾಗಿದ್ದರೂ ಹೀಗೇ ಆಗುತ್ತದೆ.

ವೇಗ 110ರ ಹತ್ತಿರ ಇದ್ದರೆ ನೆಟ್‌ವರ್ಕ್ ತನ್ನ ಮಿತಿ ಮುಟ್ಟಿದೆ, ದೊಡ್ಡ ಫೈಲ್‌ಗೆ ಎಸ್‌ಎಸ್‌ಡಿ ಏನೂ ಸೇರಿಸುವುದಿಲ್ಲ. 40ರಿಂದ 60ರ ನಡುವೆ ಇದ್ದರೆ ನ್ಯಾಸ್‌ನ ಪುಟದಲ್ಲಿ ರಿಸೋರ್ಸ್ ಮಾನಿಟರ್ ತೆರೆದು ಪ್ರೊಸೆಸರ್ ನೋಡಿ. ಅದು ಶೇಕಡಾ 100ಕ್ಕೆ ಅಂಟಿಕೊಂಡಿದ್ದರೆ ಪ್ರೊಸೆಸರ್ ಸೋಲುತ್ತಿದೆ. ಒಂದೇ ಕೋರ್‌ನ ಹಳೆಯ ಆರ್ಮ್ ಚಿಪ್‌ಗಳಲ್ಲಿ ಇದು ಮಾಮೂಲು. ಫೋಲ್ಡರ್‌ಗೆ ಎನ್‌ಕ್ರಿಪ್ಶನ್ ಹಾಕಿದ್ದರಂತೂ ವೇಗ ಇನ್ನೂ ಇಳಿಯುತ್ತದೆ. ಆಮೇಲೆ ಸಾವಿರ ಚಿಕ್ಕ ಫೋಟೊಗಳ ಫೋಲ್ಡರ್ ಕಾಪಿ ಮಾಡಿ. ಆಗ ವೇಗ ನೆಲಕ್ಕೆ ಬಿದ್ದು, ಪ್ರೊಸೆಸರ್ ಮಾತ್ರ ಅರ್ಧ ಖಾಲಿ ಇದ್ದರೆ, ಡಿಸ್ಕ್‌ಗಳೇ ಕಾಯಿಸುತ್ತಿವೆ. ಎಸ್‌ಎಸ್‌ಡಿ ಕೆಲಸಕ್ಕೆ ಬರುವುದು ಇಂಥಲ್ಲಿ.

ರ‍್ಯಾಮ್ ಕೂಡ ಗಮನಿಸಿ. 512 ಎಂಬಿಯಲ್ಲಿ ಫೋಟೊ ಇಂಡೆಕ್ಸ್, ಮೀಡಿಯಾ ಸರ್ವರ್, ಡೌನ್‌ಲೋಡ್ ಎಲ್ಲ ಒಟ್ಟಿಗೆ ಓಡಿದರೆ ಜಾಗ ಸಾಲದೆ ನ್ಯಾಸ್ ಡಿಸ್ಕ್‌ನಲ್ಲಿರುವ ಸ್ವಾಪ್ (ರ‍್ಯಾಮ್ ಬದಲಿಗೆ ಬಳಸುವ ಜಾಗ) ಬಳಸುತ್ತದೆ. ಹಾರ್ಡ್ ಡಿಸ್ಕ್ ಮೇಲೆ ಸ್ವಾಪ್ ಎಂದರೆ ಎಲ್ಲವೂ ತೆವಳುತ್ತದೆ. ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ, ಒಂದು ವಾರ ನೋಡಿ. ಖರ್ಚಿಲ್ಲದೆ ಅರ್ಧ ತೊಂದರೆ ಹೋಗಲೂಬಹುದು.

ಎರಡನೆಯದು ಇನ್ನೂ ಮುಖ್ಯ, ಮತ್ತು ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನಿಮ್ಮ ನ್ಯಾಸ್‌ಗೆ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದೆಯಾ? 2013ರ ಪೆಟ್ಟಿಗೆಗೆ ಬಹುಶಃ ನಿಂತಿರುತ್ತದೆ. ಇದರ ಪರಿಣಾಮ ಏನು ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಸಾಧನಕ್ಕೆ 2015ರಲ್ಲಿ ಅಪ್‌ಡೇಟ್ ನಿಂತಿತು. 2021ರ ಜೂನ್‌ನಲ್ಲಿ ಯಾರೋ ಇಂಟರ್ನೆಟ್ ಮೂಲಕ ನುಗ್ಗಿ, ಜಗತ್ತಿನಾದ್ಯಂತ ಎಷ್ಟೋ ಜನರ ಸಾಧನಗಳನ್ನು ಫ್ಯಾಕ್ಟರಿ ರೀಸೆಟ್ ಮಾಡಿಬಿಟ್ಟರು. ವರ್ಷಗಟ್ಟಲೆ ಕೂಡಿಟ್ಟ ಫೈಲ್‌ಗಳು ಒಂದೇ ದಿನ ಅಳಿಸಿಹೋದವು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್, ಇಂಟರ್ನೆಟ್‌ಗೆ ನೇರವಾಗಿ ತೆರೆದಿದ್ದ ಕ್ಯುನ್ಯಾಪ್ ಕಂಪನಿಯ ನ್ಯಾಸ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ದಾಳಿಯ ಮುಂದೆ ಎಸ್‌ಎಸ್‌ಡಿಯೂ ಒಂದೇ, ಹಾರ್ಡ್ ಡಿಸ್ಕೂ ಒಂದೇ.

ಹಾಗೆಂದು ಅಪ್‌ಡೇಟ್ ನಿಂತ ನ್ಯಾಸನ್ನು ಎಸೆಯಬೇಕಾಗಿಲ್ಲ. ರೂಟರ್‌ನಲ್ಲಿ ಅದಕ್ಕಾಗಿ ತೆರೆದಿರುವ ಪೋರ್ಟ್‌ಗಳನ್ನೆಲ್ಲ (ಇಂಟರ್ನೆಟ್‌ನಿಂದ ಒಳಬರುವ ದಾರಿಗಳನ್ನು) ಸೆಟ್ಟಿಂಗ್‌ನಲ್ಲಿ ಮುಚ್ಚಿ. ಯುಪಿಎನ್‌ಪಿ (ಸಾಧನಗಳು ತಾವೇ ಇಂಥ ಪೋರ್ಟ್ ತೆರೆಯಲು ಬಿಡುವ ಸೌಲಭ್ಯ) ಆಫ್ ಮಾಡಿ. ಹೊರಗಿನಿಂದ ನೋಡುವ ರಿಮೋಟ್ ಸೌಲಭ್ಯ ಬಿಡಿ. ಮನೆಯೊಳಗೆ ಮಾತ್ರ ಬಳಸಿ. ಇದಕ್ಕೆ ನೀವು ಒಪ್ಪುವುದಾದರೆ ಎಸ್‌ಎಸ್‌ಡಿ ಹಾಕುವುದರಲ್ಲಿ ಅರ್ಥ ಇದೆ. ಹೊರಗಿನಿಂದಲೂ ಫೋಟೊ ನೋಡಲೇಬೇಕು ಎನ್ನುವುದಾದರೆ ದುಡ್ಡನ್ನು ಹೊಸ ನ್ಯಾಸ್ ಮೇಲೆ ಹಾಕಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೊಂದು ಸಣ್ಣ ತಪಾಸಣೆ. ನ್ಯಾಸ್‌ಗೆ ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ) ಮಾತ್ರ ಗೊತ್ತಿದ್ದರೆ ಹೊಸ ಕಂಪ್ಯೂಟರ್‌ಗಳು ಅದರ ಜೊತೆ ಮಾತಾಡುವುದಿಲ್ಲ. ವಿಂಡೋಸ್ 10ರಲ್ಲಿ 2017ರ ಕೊನೆಯ ಅಪ್‌ಡೇಟ್‌ನಿಂದಲೇ ಅದನ್ನು ಡೀಫಾಲ್ಟ್ ಆಗಿ ಕೈಬಿಟ್ಟಿದ್ದಾರೆ. ಅದನ್ನು ಬಲವಂತವಾಗಿ ಆನ್ ಮಾಡಿಕೊಂಡು ಬಳಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದು ಅದೇ ದಾರಿಯಲ್ಲಿ. ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಇದೆಯಾ ನೋಡಿ, ಇದ್ದರೆ ಅದನ್ನೇ ಹಾಕಿ.

ಯಾವ ಎಸ್‌ಎಸ್‌ಡಿ

2.5 ಇಂಚಿನ ಸಾಟಾ ಎಸ್‌ಎಸ್‌ಡಿ ಬೇಕು. ಚಿಕ್ಕ ಪಟ್ಟಿಯಂಥ ಎಂ.2 ನಿಮ್ಮ ಪೆಟ್ಟಿಗೆಗೆ ಕೂರುವುದಿಲ್ಲ. 2.5 ಇಂಚಿನದಕ್ಕೆ ಇನ್ನೊಂದು ಲಾಭ ಇದೆ. ನ್ಯಾಸ್ ಮುಂದೆ ಕೆಟ್ಟರೂ ಸಾಟಾ ಬೇ (ಡಿಸ್ಕ್ ಕೂರಿಸುವ ಗೂಡು) ಇರುವ ಹೊಸ ನ್ಯಾಸ್‌ಗೆ ಇವನ್ನೇ ಹಾಕಿಕೊಳ್ಳಬಹುದು. ಈ ಹಳೆಯ ಪೆಟ್ಟಿಗೆಗಿಂತ ಹೊಸ ಎಸ್‌ಎಸ್‌ಡಿಗಳು ಜಾಸ್ತಿ ದಿನ ಬಾಳಬಹುದಾದ್ದರಿಂದ ಈ ಖರ್ಚನ್ನು ಹಳೆಯ ಪೆಟ್ಟಿಗೆಯ ಮೇಲಿನ ಖರ್ಚು ಎಂದು ಲೆಕ್ಕ ಹಾಕಬೇಡಿ.

ಕೊಳ್ಳುವಾಗ ಟಿಎಲ್‌ಸಿ ಎಂದಿರುವುದನ್ನು ಆರಿಸಿ, ಕ್ಯೂಎಲ್‌ಸಿ ಬೇಡ. ಟಿಎಲ್‌ಸಿಯಲ್ಲಿ ಒಂದು ಕೋಶದಲ್ಲಿ 3 ಬಿಟ್, ಕ್ಯೂಎಲ್‌ಸಿಯಲ್ಲಿ 4 ಬಿಟ್. ಬಿಟ್ ಹೆಚ್ಚಿದಷ್ಟೂ ಬರೆಯುವುದು ನಿಧಾನ. ಇದು ಮೊದಲಿಗೆ ಗೊತ್ತಾಗದ ಹಾಗೆ ಒಂದು ವೇಗದ ಕ್ಯಾಶ್ (ಬರೆದದ್ದನ್ನು ಮೊದಲು ತಾತ್ಕಾಲಿಕವಾಗಿ ಇಡುವ ಜಾಗ) ಇಟ್ಟಿರುತ್ತಾರೆ. ಕ್ಯಾಶ್ ತುಂಬಿದ ಮೇಲೆ ಅಸಲಿ ವೇಗ ಹೊರಗೆ ಬರುತ್ತದೆ. ಸ್ಯಾಮ್‌ಸಂಗ್ 870 ಕ್ಯೂವಿಒದ 1 ಟಿಬಿ ಮಾದರಿಗೆ ಕ್ಯಾಶ್ ಮುಗಿದ ನಂತರ ಸೆಕೆಂಡ್‌ಗೆ 80 ಎಂಬಿ ಎಂದು ತಯಾರಕರೇ ಬರೆದಿದ್ದಾರೆ. ಅದು ಹಾರ್ಡ್ ಡಿಸ್ಕ್‌ಗಿಂತ ಕಡಿಮೆ. ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ 900 ಜಿಬಿ ಒಮ್ಮೆಲೇ ತುಂಬುವಾಗ, ಅಥವಾ ಒಂದು ಡಿಸ್ಕ್ ಹೋಗಿ ಮಿರರ್ ಮತ್ತೆ ಕಟ್ಟುವಾಗ, ಇದೇ ದೊಡ್ಡ ಅಡಚಣೆ.

ಬರೆದು ಬರೆದು ಎಸ್‌ಎಸ್‌ಡಿ ಸವೆದುಹೋಗುತ್ತದೆ ಎಂಬ ಭಯವನ್ನು ಮಾತ್ರ ಮನೆಯ ಬಳಕೆಯಲ್ಲಿ ಬಿಟ್ಟುಬಿಡಿ. 870 ಇವಿಒ 2 ಟಿಬಿಗೆ 1200 ಟಿಬಿ ಬರೆಯುವವರೆಗೆ ವಾರಂಟಿ, ಅದೇ ಅಳತೆಯ ಕ್ಯೂವಿಒಗೆ 720 ಟಿಬಿ, ಅಥವಾ ವಾರಂಟಿಯ ವರ್ಷಗಳು, ಯಾವುದು ಮೊದಲೋ ಅದು. ದಿನಕ್ಕೆ 50 ಜಿಬಿ ಬರೆದರೂ ವರ್ಷಕ್ಕೆ 18 ಟಿಬಿ. 720 ಟಿಬಿ ಮುಗಿಯಲು 40 ವರ್ಷ ಬೇಕು. ಹಾಗಾಗಿ ಕ್ಯೂಎಲ್‌ಸಿ ಬೇಡ ಎನ್ನುವುದು ವೇಗಕ್ಕಾಗಿ, ಆಯಸ್ಸಿಗಾಗಿ ಅಲ್ಲ.

ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ಮಿರರ್‌ನಲ್ಲಿ ಒಂದೊಂದಾಗಿ ಬದಲಾಯಿಸುವುದಾದರೆ ಹೊಸ ಡಿಸ್ಕ್ ಹಳೆಯದಕ್ಕಿಂತ ಒಂದಿಷ್ಟೂ ಚಿಕ್ಕದಿರಬಾರದು. 2 ಟಿಬಿ ಎಂದು ಬರೆದ ಹಾರ್ಡ್ ಡಿಸ್ಕ್ ಮತ್ತು 2 ಟಿಬಿ ಎಂದು ಬರೆದ ಎಸ್‌ಎಸ್‌ಡಿ ಸಾಮಾನ್ಯವಾಗಿ ಒಂದೇ ಅಳತೆ. ಆದರೆ ಕೆಲವು ಎಸ್‌ಎಸ್‌ಡಿಗಳು 1.92 ಟಿಬಿಯದಾಗಿರುತ್ತವೆ. ಅವನ್ನು ಹಾಕಿದರೆ ನ್ಯಾಸ್ ಒಪ್ಪುವುದೇ ಇಲ್ಲ.

ಎರಡು ಎಸ್‌ಎಸ್‌ಡಿಗಳನ್ನು ಬೇರೆ ಬೇರೆ ತಯಾರಕರಿಂದ ತಗೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮಿರರ್‌ನ ಅರ್ಥವೇ ಒಂದು ಕೆಟ್ಟಾಗ ಇನ್ನೊಂದು ಉಳಿಯಬೇಕು ಎಂಬುದು. ಒಂದೇ ಮಾದರಿಯ ಎರಡಕ್ಕೆ ಒಂದೇ ದಿನ ಕರೆಂಟ್ ಕೊಟ್ಟು, ಒಂದೇ ಡೇಟಾ ಬರೆಯುತ್ತಾ ಹೋದರೆ, ಫರ್ಮ್‌ವೇರ್‌ನಲ್ಲಿ (ಸಾಧನದೊಳಗಿನ ತಂತ್ರಾಂಶದಲ್ಲಿ) ತಪ್ಪಿದ್ದಾಗ ಎರಡೂ ಒಟ್ಟಿಗೆ ಹೋಗಬಹುದು. ಇದು ಬರೀ ಊಹೆ ಅಲ್ಲ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ನಿಂತುಹೋಗುತ್ತವೆ, ಕೂಡಲೇ ಫರ್ಮ್‌ವೇರ್ ಬದಲಿಸಿ ಎಂದು ಎಚ್ಚರಿಸಿತ್ತು. ಒಂದೇ ದಿನ ಶುರುವಾದ ಡಿಸ್ಕ್‌ಗಳು ಒಂದೇ ಗಂಟೆಯಲ್ಲಿ ಸಾಯುವ ಪರಿಸ್ಥಿತಿ ಅದು. ಹಾರ್ಡ್ ಡಿಸ್ಕ್ ಹೋಗುವ ಮೊದಲು ಎಷ್ಟೋ ಸಲ ಸದ್ದು ಮಾಡುತ್ತದೆ, ನಿಧಾನವಾಗುತ್ತದೆ. ಎಸ್‌ಎಸ್‌ಡಿ ಹೋದರೆ ಹೆಚ್ಚಾಗಿ ಯಾವ ಸೂಚನೆಯೂ ಇಲ್ಲದೆ ಮಾಯವಾಗುತ್ತದೆ, ಡೇಟಾ ತೆಗೆಯುವುದೂ ಹೆಚ್ಚು ಕಷ್ಟ.

ಕೂರಿಸುವ ಬಗ್ಗೆ ಒಂದು ಮಾತು. ಕೆಲವು ನ್ಯಾಸ್‌ಗಳ ಟ್ರೇಯಲ್ಲೇ 2.5 ಇಂಚಿನ ಡಿಸ್ಕ್‌ಗೆ ಸ್ಕ್ರೂ ತೂತುಗಳಿರುತ್ತವೆ. ಇಲ್ಲದಿದ್ದರೆ ಅಡಾಪ್ಟರ್ ಬೇಕು. ಆದರೆ ಎಲ್ಲ ಅಡಾಪ್ಟರ್ ಆಗುವುದಿಲ್ಲ. ಟ್ರೇ ಒಳಗೆ ತಳ್ಳಿದಾಗ ನೇರವಾಗಿ ಹಿಂದಿನ ಕನೆಕ್ಟರ್‌ಗೆ ಕೂರುವ ಪೆಟ್ಟಿಗೆಯಾದರೆ, ಎಸ್‌ಎಸ್‌ಡಿಯ ಕನೆಕ್ಟರ್ 3.5 ಇಂಚಿನ ಡಿಸ್ಕ್‌ನಲ್ಲಿ ಇರುವ ಜಾಗಕ್ಕೇ ಬರುವಂಥ ಅಡಾಪ್ಟರ್ ನೋಡಿ ಕೊಳ್ಳಿ. ನಡುವೆ ಸ್ಕ್ರೂ ಹಾಕಿ ನಿಲ್ಲಿಸುವ ಸಾದಾ ಪಟ್ಟಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವಿದ್ಯುತ್ತಿನ ಕಡೆ ಚಿಂತೆ ಬೇಡ. 3.5 ಇಂಚಿನ ಡಿಸ್ಕ್‌ನ ಮೋಟಾರ್‌ಗೆ 12 ವೋಲ್ಟ್ ಬೇಕು, ತಿರುಗಲು ಶುರುವಾಗುವಾಗ ಅದು ಜೋರಾಗಿ ಎಳೆಯುತ್ತದೆ. 2.5 ಇಂಚಿನ ಎಸ್‌ಎಸ್‌ಡಿ ಬಳಸುವುದು 5 ವೋಲ್ಟ್ ಮಾತ್ರ. ವಯಸ್ಸಾದ ಅಡಾಪ್ಟರ್‌ಗೆ ಇದರಿಂದ ಭಾರ ಕಡಿಮೆಯೇ ಆಗುತ್ತದೆ.

ಎಸ್‌ಎಸ್‌ಡಿಯನ್ನು ಕ್ಯಾಶ್ ಆಗಿ ಬಳಸಬಹುದಲ್ಲ ಎಂದೂ ಕೇಳುತ್ತಾರೆ. ಎರಡೇ ಬೇ ಇರುವ ನಿಮ್ಮ ನ್ಯಾಸ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ.

ಬದಲಾಯಿಸುವ ಕೆಲಸ

ಮೊದಲು ಪೂರ್ತಿ ಬ್ಯಾಕಪ್. ಮಿರರ್ ಇದೆಯಲ್ಲ ಎಂದು ಬಿಡಬೇಡಿ. ತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕ್‌ನಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ, ಮಿರರ್ ಅದಕ್ಕೆ ರಕ್ಷಣೆ ಅಲ್ಲ. ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ನ್ಯಾಸ್‌ನ ಪೋರ್ಟ್ ಯುಎಸ್‌ಬಿ 2.0 ಆಗಿದ್ದರೆ ಸೆಕೆಂಡ್‌ಗೆ 30-40 ಎಂಬಿ ಅಷ್ಟೇ, 900 ಜಿಬಿಗೆ ಏಳೆಂಟು ಗಂಟೆ ಹಿಡಿಯುತ್ತದೆ. ಆಗ ಡಿಸ್ಕನ್ನು ಕಂಪ್ಯೂಟರ್‌ಗೆ ಹಾಕಿ ಗಿಗಾಬಿಟ್ ಮೂಲಕ ಎಳೆದುಕೊಳ್ಳುವುದು ಬೇಗ. ಮುಗಿದ ಮೇಲೆ ಬೇರೆ ಬೇರೆ ವರ್ಷಗಳ ಫೋಲ್ಡರ್‌ಗಳಿಂದ ಕೆಲವು ಫೋಟೊ, ವಿಡಿಯೊ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬಬೇಡಿ.

ಈಗ ಎರಡು ದಾರಿ ಇದೆ. ಒಂದು, ಒಂದು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಮಿರರ್ ಮತ್ತೆ ಕಟ್ಟಲು ಬಿಟ್ಟು, ಆಮೇಲೆ ಇನ್ನೊಂದನ್ನು ಬದಲಾಯಿಸುವುದು. 2 ಟಿಬಿಗೆ ಸೆಕೆಂಡ್‌ಗೆ 100 ಎಂಬಿ ಸಿಕ್ಕರೂ ಒಂದೊಂದು ಸಲಕ್ಕೆ ಐದೂವರೆ ಗಂಟೆ. ಎರಡನೆಯದು, ಎರಡೂ ಹಳೆಯ ಡಿಸ್ಕ್ ಒಟ್ಟಿಗೆ ತೆಗೆದು, ಎರಡೂ ಎಸ್‌ಎಸ್‌ಡಿ ಹಾಕಿ, ನ್ಯಾಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ, ಬ್ಯಾಕಪ್‌ನಿಂದ ಡೇಟಾ ತುಂಬುವುದು.

ಕೈಪಿಡಿಗಳಲ್ಲಿ ಮೊದಲನೆಯ ದಾರಿಯನ್ನೇ ಸುಲಭ ಎಂದು ತೋರಿಸುತ್ತಾರೆ. ಸೆಟ್ಟಿಂಗ್‌ಗಳೆಲ್ಲ ಹಾಗೇ ಉಳಿಯುತ್ತವೆ, ನಿಜ. ಆದರೂ ನಿಮಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮೊದಲನೆಯ ದಾರಿಯಲ್ಲಿ ಒಂದು ಡಿಸ್ಕ್ ಹೊರಗೆ ಬಂದ ಕ್ಷಣದಿಂದ ಎಲ್ಲ ಭಾರ ಇನ್ನೊಂದು ಮುದಿ ಡಿಸ್ಕ್ ಮೇಲೆ ಬೀಳುತ್ತದೆ. ಅದನ್ನು ಮೊದಲಿನಿಂದ ಕೊನೆಯವರೆಗೆ, ವರ್ಷಗಳಿಂದ ಮುಟ್ಟದ ಜಾಗಗಳನ್ನೂ ಬಿಡದೆ, ಓದಬೇಕಾಗುತ್ತದೆ. ಅಡಗಿದ್ದ ಕೆಟ್ಟ ಸೆಕ್ಟರ್ ಹೊರಗೆ ಬರುವುದು ಆಗಲೇ. ಎರಡನೆಯ ದಾರಿಯಲ್ಲಿ ಬ್ಯಾಕಪ್ ಮಾಡುವಾಗ ಎರಡೂ ಡಿಸ್ಕ್ ಜೊತೆಗಿರುತ್ತವೆ, ಒಂದರಲ್ಲಿ ಓದಲಾಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಆಮೇಲೆ ಆ ಜೋಡಿ ಹಾಗೇ, ಏನೂ ಬದಲಾಗದೆ, ಹೊರಗೆ ಬರುತ್ತದೆ. ಏನಾದರೂ ತಪ್ಪಿದರೆ ಮತ್ತೆ ಅವನ್ನೇ ಹಾಕಿ ಹಳೆಯ ಸ್ಥಿತಿಗೆ ಹೋಗಬಹುದು. ಮೇಲಾಗಿ ಹಳೆಯ ಫರ್ಮ್‌ವೇರ್ ಮಾಡಿದ್ದ ಪಾರ್ಟಿಶನ್‌ಗಳು ಎಸ್‌ಎಸ್‌ಡಿಗೆ ಹೊಂದುವಂತೆ ಇಲ್ಲದಿದ್ದರೆ, ಹೊಸ ಇನ್‌ಸ್ಟಾಲ್ ಅದನ್ನು ಸರಿ ಮಾಡಿಕೊಳ್ಳಲು ಒಂದು ಅವಕಾಶ.

ಇದಕ್ಕೆ ಮೊದಲೇ ಮಾಡಬೇಕಾದದ್ದು ಒಂದಿದೆ. ಎಷ್ಟೋ ನ್ಯಾಸ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂ ಇರುವುದೇ ಡಿಸ್ಕ್‌ಗಳ ಮೇಲೆ. ಡಿಸ್ಕ್ ತೆಗೆದರೆ ಅದೂ ಹೋಯಿತು. ನಿಮ್ಮ ಮಾದರಿಗೆ ಬಂದ ಕೊನೆಯ ಫರ್ಮ್‌ವೇರ್ ಫೈಲನ್ನು ತಯಾರಕರ ತಾಣದಿಂದ ಇಳಿಸಿ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಹಳೆಯ ಮಾದರಿಗಳ ಫೈಲ್‌ಗಳು ಶಾಶ್ವತವಾಗಿ ಅಲ್ಲೇ ಇರುತ್ತವೆ ಎಂದು ನಂಬಬೇಡಿ. ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆಯುವ ಸೌಲಭ್ಯವಿದ್ದರೆ ಅದನ್ನೂ ತೆಗೆಯಿರಿ. ಯಾವ ಡಿಸ್ಕ್ ಯಾವ ಬೇಯಲ್ಲಿತ್ತು ಎಂದು ಅದರ ಮೇಲೆ ಬರೆದಿಡಿ.

ಹಾಕಿದ ಮೇಲೆ

ಟ್ರಿಮ್ ಎಂಬ ಆಯ್ಕೆ ಇದೆಯಾ ನೋಡಿ. ನೀವು ಫೈಲ್ ಅಳಿಸಿದಾಗ ಆ ಜಾಗ ಖಾಲಿಯಾಯಿತು ಎಂದು ಎಸ್‌ಎಸ್‌ಡಿಗೆ ತಿಳಿಸುವುದು ಟ್ರಿಮ್‌ನ ಕೆಲಸ. ಖಾಲಿ ಜಾಗ ಎಲ್ಲಿದೆ ಎಂದು ಗೊತ್ತಿದ್ದರೆ ಎಸ್‌ಎಸ್‌ಡಿ ಚುರುಕಾಗಿರುತ್ತದೆ. ಆದರೆ ಎಷ್ಟೋ ನ್ಯಾಸ್‌ಗಳೊಳಗೆ ಓಡುವ ಲಿನಕ್ಸ್‌ನ ಸಾಫ್ಟ್‌ವೇರ್ ಮಿರರ್‌ಗೆ ಟ್ರಿಮ್ ಬಂದದ್ದು 2012ರ ಡಿಸೆಂಬರ್‌ನ 3.7 ಕರ್ನೆಲ್‌ನಲ್ಲಿ (ಲಿನಕ್ಸ್‌ನ ತಿರುಳಿನ ಆವೃತ್ತಿಯಲ್ಲಿ). ಆ ಕಾಲದ ಎಷ್ಟೋ ನ್ಯಾಸ್‌ಗಳು ಅದಕ್ಕಿಂತ ಹಳೆಯ ಕರ್ನೆಲ್ ಮೇಲೆಯೇ ಓಡುತ್ತವೆ. ಆಯ್ಕೆ ಇದ್ದರೆ ವಾರಕ್ಕೊಮ್ಮೆ ರಾತ್ರಿ ಓಡುವಂತೆ ಇಡಿ. ಇಲ್ಲದಿದ್ದರೆ ಗಾಬರಿ ಬೇಡ. ಮಿರರ್ ಮೊದಲ ಸಲ ಕಟ್ಟುವಾಗ ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಖಾಲಿ ಜಾಗವೂ ಸೇರಿ ಎಲ್ಲ ಕಾಪಿ ಆಗುತ್ತದೆ. ಹಾಗಾಗಿ ಟ್ರಿಮ್ ಇಲ್ಲದ ಕಡೆ ಆ ಎಸ್‌ಎಸ್‌ಡಿ ತಾನು ಪೂರ್ತಿ ತುಂಬಿದ್ದೇನೆ ಎಂದೇ ತಿಳಿದುಕೊಂಡಿರುತ್ತದೆ. ಒಳ್ಳೆಯ ಟಿಎಲ್‌ಸಿ ತನ್ನೊಳಗೇ ಕಾಯ್ದಿಟ್ಟ ಜಾಗದಲ್ಲಿ ಇದನ್ನು ನಿಭಾಯಿಸುತ್ತದೆ, ಗಿಗಾಬಿಟ್ ವೇಗಕ್ಕೆ ಅದು ಸಾಕು. ಕ್ಯೂಎಲ್‌ಸಿ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ.

ಡಿಸ್ಕ್ ಮಲಗಿಸುವ ಹೈಬರ್ನೇಶನ್ ಆಫ್ ಮಾಡಿ. ಎಸ್‌ಎಸ್‌ಡಿ ಸುಮ್ಮನೆ ಕೂತಾಗ ಎಳೆಯುವುದು ಒಂದು ವ್ಯಾಟ್‌ಗಿಂತ ಕಡಿಮೆ, ಮಲಗಿಸಿ ಉಳಿಸುವಂಥದ್ದು ಏನೂ ಇಲ್ಲ. ಡಿಫ್ರ್ಯಾಗ್ (ಚದುರಿದ ಫೈಲ್ ತುಂಡುಗಳನ್ನು ಒಟ್ಟುಗೂಡಿಸುವ ಕೆಲಸ) ನಿಗದಿ ಇದ್ದರೆ ತೆಗೆದುಹಾಕಿ. ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿ) ಸವೆತದ ಅಂಕಿಯನ್ನು ಆಗಾಗ ನೋಡಿ, ತೊಂದರೆ ಬಂದರೆ ಇಮೇಲ್ ಬರುವಂತೆ ಮಾಡಿ. ಮನೆಗೆ ಸಿಗುವ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ದಿಢೀರ್ ಹೋದಾಗ ಬರೆಯುತ್ತಿದ್ದುದನ್ನು ಮುಗಿಸಿಕೊಳ್ಳುವ ಕೆಪಾಸಿಟರ್ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಯುಪಿಎಸ್ ಇಡಿ. ಅದರ ಯುಎಸ್‌ಬಿ ಕೇಬಲನ್ನು ನ್ಯಾಸ್‌ಗೆ ಸೇರಿಸಿದರೆ, ಬ್ಯಾಟರಿ ಮುಗಿಯುವ ಮೊದಲು ನ್ಯಾಸ್ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಎಸ್‌ಎಸ್‌ಡಿ ದುಬಾರಿ ಎನಿಸಿದರೆ ಹೊಸ ಹಾರ್ಡ್ ಡಿಸ್ಕನ್ನಾದರೂ ಹಾಕಿ. 2013ರಿಂದ ಓಡುತ್ತಿರುವ ಡಿಸ್ಕ್‌ಗಳ ಮೇಲೆ ಮನೆಯ ಫೋಟೊ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಆಗ ಸಿಎಂಆರ್ (ಟ್ರ್ಯಾಕ್‌ಗಳು ಬೇರೆ ಬೇರೆಯಾಗಿರುವ ಡಿಸ್ಕ್) ಎಂದು ಬರೆದಿರುವುದನ್ನೇ ಕೊಳ್ಳಿ. 2020ರಲ್ಲಿ ನ್ಯಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ಕೆಲವು ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಎಂಬುದು ಬಯಲಾಗಿ ದೊಡ್ಡ ಗದ್ದಲವಾಗಿತ್ತು. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಮಿರರ್ ಮತ್ತೆ ಕಟ್ಟುವ ಹೊತ್ತಿನಲ್ಲಿ ಅವು ತುಂಬಾ ಸತಾಯಿಸುತ್ತವೆ.

ಕೊನೆಯದಾಗಿ, ಹೊರಗೆ ಬಂದ ಎರಡು ಹಳೆಯ ಡಿಸ್ಕ್‌ಗಳು. ಎರಡು ಮೂರು ತಿಂಗಳು ಅವನ್ನು ಮುಟ್ಟಬೇಡಿ. ಎಲ್ಲ ಸರಿಯಿದೆ ಎಂದಾದ ಮೇಲೆ ಅವುಗಳ ಸ್ಮಾರ್ಟ್ ವರದಿ ನೋಡಿ. 5 ಮತ್ತು 197ನೇ ಸಾಲುಗಳಲ್ಲಿ, ಅಂದರೆ ಬದಲಾಯಿಸಿದ ಸೆಕ್ಟರ್ ಮತ್ತು ಬಾಕಿ ಇರುವ ಸೆಕ್ಟರ್‌ಗಳಲ್ಲಿ, ಸೊನ್ನೆ ಇದ್ದರೆ ಆ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಹೆಚ್ಚುವರಿ ಬ್ಯಾಕಪ್‌ಗೆ ಬಳಸಬಹುದು. ಕರೆಂಟ್ ಇಲ್ಲದೆ ಬೀರುವಿನಲ್ಲಿ ಇಡುವ ಬ್ಯಾಕಪ್‌ಗೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ಮೇಲು. ಎಸ್‌ಎಸ್‌ಡಿಯ ಕೋಶಗಳಲ್ಲಿನ ಚಾರ್ಜ್ ನಿಧಾನವಾಗಿ ಸೋರುತ್ತದೆ. ಮನೆ ಬಳಕೆಯ ಎಸ್‌ಎಸ್‌ಡಿ ಪೂರ್ತಿ ಸವೆದ ಹಂತದಲ್ಲಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕರೆಂಟ್ ಇಲ್ಲದೆ ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು ಎಂಬುದು ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಜಾಸ್ತಿ ಹಿಡಿದಿಡುತ್ತದೆ, ಆದರೂ ಬೀರುವಿನ ಕೆಲಸಕ್ಕೆ ಅದನ್ನು ಮಾಡಿಲ್ಲ. ಆ ಎರಡು ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇರುವ ಡಿಸ್ಕನ್ನು ಮತ್ತೆ ಬಳಸಬೇಡಿ. ಅದನ್ನು ಪೂರ್ತಿ ಸೊನ್ನೆಗಳಿಂದ ತುಂಬಿ ಅಳಿಸಿ, ಆಮೇಲೆ ಇ-ತ್ಯಾಜ್ಯಕ್ಕೆ ಕೊಡಿ.